ರವಿಕೆಗೆ ಚೀಟಿ ಇಲ್ಲ

ಬೆಳಗಿನ ಆರು ಗಂಟೆ. ಕೆ.ಆರ್.ಎಸ್.ನಿಂದ ಪಾಂಡವಪುರದ ಕಡೆ ಹರಿಯುವ ನಾಲೆಯಲ್ಲಿ, ಕಬ್ಬಿಣದ ಕಂಬಿಗೆ ಸಿಕ್ಕಿದ ಜೊಂಡನ್ನು ಹುಚ್ಚಯ್ಯ ಕೊಕ್ಕೆಯಿಂದ ಎಳೆಯುತ್ತಿದ್ದಾರೆ. ಇಂದು ಜೊಂಡಿನ ಜೊತೆ ಒಬ್ಬ ಹೆಂಗಸಿನ ಹೆಣವೂ ಬಂದಿದೆ. ದಡಕ್ಕೆ ತಂದ ಮೇಲೆ ಹೆಂಡತಿ ಮುತ್ತಮ್ಮ ಗುರುತಿಗಾಗಿ ಮೈಯೆಲ್ಲ ನೋಡಿ, ತನ್ನದೊಂದು ಹಳೆ ಸೀರೆ ಹೊದಿಸುತ್ತಾರೆ. ಸೈಕಲ್ಲಿನಲ್ಲಿ ಬಂದ ಪೇದೆ ಹತ್ತಿರಕ್ಕೂ ಹೋಗದೆ ಬರೆದುಕೊಳ್ಳುತ್ತಾನೆ: 'ಅಪರಿಚಿತ ಮಹಿಳೆ.'

ಈ ಪದ ಕೇಳಿದರೆ ಹುಚ್ಚಯ್ಯನವರಿಗೆ ಮೈಯುರಿ. "ಅಪರಿಚಿತ ಅಂದ್ರೆ ಏನ್ ಸ್ವಾಮಿ? ಇವ್ಳ್ಗೆ ಹೆತ್ತೋರಿಲ್ವಾ? ಬಾವಿಕಟ್ಟೆ ತಾವ ಮಾತಾಡ್ಸೋರಿಲ್ವಾ? ನಿಮ್ಗೆ ಗೊತ್ತಿಲ್ಲ, ಅಂಗಂತ ಬರ್ಕಳಿ."

ಪೇದೆ ಹಾಗೆ ಬರೆಯುವುದಿಲ್ಲ. ಹುಡುಕಲು ಮನಸ್ಸಿಲ್ಲದವರಿಗೆ 'ಅಪರಿಚಿತ' ಬಹಳ ಸಲೀಸಾದ ಪದ. ಮೂರು ದಿನ ಕಾದು ಹೂತರೆ ಕಡತ ಮುಗಿಯಿತು. ಪತ್ರಿಕೆಯವರಾದ ನಾವೂ ಕಡಿಮೆಯೇನಲ್ಲ, ಎರಡು ಸಾಲು ಹಾಕಿ, 'ಸ್ಥಳೀಯರೊಬ್ಬರು ಶವ ಹೊರತೆಗೆದರು' ಎಂದು ಹುಚ್ಚಯ್ಯನವರ ಹೆಸರನ್ನೂ ನುಂಗಿಬಿಡುತ್ತೇವೆ.

ಎಂಬತ್ತೈದನೇ ಇಸವಿಯಲ್ಲಿ ಜೊಂಡು ತೆಗೆಯುವ ದಿನಗೂಲಿಗೆ ಸೇರಿದವರು ಅವರು. ಈ ಹನ್ನೊಂದು ವರ್ಷದಲ್ಲಿ ಮೂವತ್ತನಾಲ್ಕು ಹೆಣ ತೆಗೆದಿದ್ದಾರೆ. ಅದು ಅವರ ಕೆಲಸವೇ ಅಲ್ಲ. ಗಂಡಸಿನ ಹೆಣವಾದರೆ ಅಂಗಿಯ ಕಾಲರ್ ಮಗುಚಿ ದರ್ಜಿಯ ಚೀಟಿ ನೋಡುತ್ತಾರೆ. ಪೇದೆಯನ್ನು ಕಾಡಿ ಬೇಡಿ ಅದನ್ನು ಬಿಚ್ಚಿಸಿಕೊಂಡು ಬಸ್ಸು ಹತ್ತುತ್ತಾರೆ. ಓದು ಬಾರದು, ಊರಿನ ಹೆಸರನ್ನು ಕಂಡಕ್ಟರೇ ಓದಿ ಹೇಳಬೇಕು. ಹೀಗೆ ನಾಗಮಂಗಲ, ಶ್ರೀರಂಗಪಟ್ಟಣವೆಲ್ಲ ಸುತ್ತಿದ್ದಾರೆ.

ಕೆ.ಆರ್.ಪೇಟೆಯ ದರ್ಜಿ ಚಲುವರಾಜು ಒಮ್ಮೆ ಚೀಟಿಗೆ ಅಂಟಿದ್ದ ಬಟ್ಟೆ ಕಂಡೇ ಹೇಳಿದರಂತೆ: "ಇದು ಶೀಳನೆರೆ ಊರ್ನೋರ್ದು ಕಣಣ್ಣ. ಎಡಗೈ ಗಿಡ್ಡ ಅಂತ ತೋಳು ಕಮ್ಮಿ ಮಾಡಿದ್ದೆ." ಸಂಜೆಗೆ ಮನೆಯವರು ಬಂದರು. ಇಪ್ಪತ್ಮೂರು ಗಂಡಸರಲ್ಲಿ ಹತ್ತೊಂಬತ್ತು ಮಂದಿ ಹೀಗೆ ಮನೆ ಸೇರಿದ್ದಾರೆ. ಹನ್ನೊಂದು ಹೆಂಗಸರಲ್ಲಿ ಇಬ್ಬರೇ. ಏಕೆಂದರೆ ರವಿಕೆಗೆ ಯಾವ ದರ್ಜಿಯೂ ಚೀಟಿ ಹೊಲಿಯುವುದಿಲ್ಲ.

ಹಾಗಂತ ಕೈಕಟ್ಟಿ ಕೂರುವವರಲ್ಲ. ಈಗ ಸಿಕ್ಕಿದ ಹೆಂಗಸಿನ ಹಸಿರು ರವಿಕೆಯ ಒಂದು ಚೂರು ಜೇಬಿನಲ್ಲಿಟ್ಟುಕೊಂಡು ಎರಡು ದಿನ ಪಾಂಡವಪುರದ ಅಂಗಡಿಗಳನ್ನು ಅಲೆಯುತ್ತಾರೆ. ಯಾರೂ ಗುರುತಿಸುವುದಿಲ್ಲ. ಮೂರನೆಯ ದಿನ ಹೊತ್ತೇರುವ ಮುಂಚೆಯೇ ಕೆ.ಆರ್.ಪೇಟೆಯಲ್ಲಿ ಚಲುವರಾಜುವಿನ ಮುಂದೆ ನಿಂತಿದ್ದಾರೆ. ಅವರಿಗೂ ಗೊತ್ತಾಗುವುದಿಲ್ಲ. ಅತ್ತ ಹೆಣ ಹೂಳಲು ಗುಂಡಿ ತೋಡುತ್ತಿರುತ್ತಾರೆ.

"ಇನ್ಮೇಲಾದ್ರೂ ರವಿಕೆಗೂ ಒಂದ್ ಚೀಟಿ ಹಾಕಪ್ಪ," ಎನ್ನುತ್ತಾರೆ ಹುಚ್ಚಯ್ಯ. ಅವರು ಕೇಳುವುದು ಇಷ್ಟೇ.

ಚಲುವರಾಜು ನಗುತ್ತಾರೆ. "ರವಿಕೆ ಒಳ್ಗಿರೋ ಚೀಟಿಯ ಯಾರಣ್ಣ ನೋಡ್ತಾರೆ?"

ಹುಚ್ಚಯ್ಯ ಹಸಿರು ಚೂರನ್ನು ಮಡಿಚಿ ಜೇಬಿಗಿಡುತ್ತಾರೆ.

"ನಮ್ ಮುತ್ತಮ್ಮ ನೋಡ್ತಾಳೆ. ನೀನ್ ಹಾಕು."