ಜೋಡಿಗೂಡಿನ ಬಾಶೋರತ್

ಮಾರ್ಗಿಲಾನ್ ಊರಿನ ನಮ್ಮ ರೇಷ್ಮೆ ಕಂಪನಿಯಲ್ಲಿ ಬಾಶೋರತ್ ಅಕ್ಕ ಮೂವತ್ತೊಂದು ವರ್ಷ ಗೂಡಿನಿಂದ ನೂಲು ಬಿಚ್ಚಿದಳು. ಬಿಸಿನೀರಿನಲ್ಲಿ ನೆನೆದು ನೆನೆದು ಅವಳ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಆ ಬೆರಳಿಗೆ ಸಿಗದ ಎಳೆ ಇರಲಿಲ್ಲ.

ಬೆಳಿಗ್ಗೆ ಮೇಜಿನ ಮೇಲೆ ಗೂಡು ಸುರಿದ ಕೂಡಲೇ ಮೊದಲು ಕೈಯಾಡಿಸುತ್ತಿದ್ದವಳು ಅವಳೇ. ಕಲೆಯಾದದ್ದು, ತೆಳ್ಳಗಿದ್ದದ್ದು, ಎರಡು ಹುಳ ಸೇರಿ ಕಟ್ಟಿದ ಜೋಡಿಗೂಡು, ಎಲ್ಲವನ್ನೂ ಹೆಕ್ಕಿ ತನ್ನ ಬಿಸಿನೀರಿನ ತೊಟ್ಟಿಗೆ ಹಾಕಿಕೊಳ್ಳುತ್ತಿದ್ದಳು. ಜೋಡಿಗೂಡಿನಲ್ಲಿ ಎರಡು ಎಳೆ ಹೆಣೆದುಕೊಂಡಿರುತ್ತವೆ. ಬೇರೆಯವರ ತೊಟ್ಟಿಗೆ ಬಿದ್ದರೆ ಪಕ್ಕದ ಎಳೆಗಳನ್ನೂ ಎಳೆದುಕೊಂಡು ಗಂಟಾಗುತ್ತದೆ. "ನಿಮ್ಮ ಕೈಲಿ ಆಗಲ್ಲ, ಬಿಡ್ರೇ. ಅಳೋದು ನೋಡಕ್ಕೆ ನಂಗೆ ಪುರುಸೊತ್ತಿಲ್ಲ" ಅನ್ನುತ್ತಿದ್ದಳು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಅವಳ ಪಕ್ಕದ ತೊಟ್ಟಿ ನನ್ನದು. ಆರಿಸಿ ಉಳಿದ ಒಳ್ಳೆಯ ಗೂಡಿನಲ್ಲಿ ಮೊದಲ ಬುಟ್ಟಿ ನನಗೇ ಬರುತ್ತಿತ್ತು.

ತಾಷ್ಕೆಂಟಿನಿಂದ ಇಖ್ತಿಯೋರ್ ಎಂಬ ಹೊಸ ಮ್ಯಾನೇಜರ್ ಬಂದ. ಕೆಟ್ಟ ಹುಡುಗನೇನಲ್ಲ, ಎಲ್ಲರಿಗೂ ಎದ್ದು ನಿಂತು ಸಲಾಂ ಹೇಳುವವನು. ಪ್ರತಿ ತೊಟ್ಟಿಗೂ ಒಂದು ಯಂತ್ರ ಕೂರಿಸಿದ. ಯಾರ ಎಳೆ ಎಷ್ಟು ಸಲ ಹರಿಯಿತು, ಯಾರ ನೂಲು ಎಷ್ಟು ತೂಗಿತು, ಎಲ್ಲ ಅದರಲ್ಲಿ ದಾಖಲಾಗುತ್ತಿತ್ತು. ತಿಂಗಳ ಕೊನೆಗೆ ಊಟದ ಕೋಣೆಯ ಗೋಡೆಗೆ ಪಟ್ಟಿ ಅಂಟಿಸಿದ. ಇಪ್ಪತ್ತನಾಲ್ಕು ಹೆಸರು. ಮೊದಲನೆಯದು ಮಸ್ತೂರಾ, ಅಂದರೆ ನಾನು. ಕೊನೆಯದು ಬಾಶೋರತ್.

ಮೂರು ತಿಂಗಳು ಹಾಗೇ ಆಯಿತು. ಒಂದು ದಿನ ನಮ್ಮನ್ನೆಲ್ಲ ಸೇರಿಸಿ ಅವಳನ್ನು ಎದುರು ಕೂರಿಸಿದ.

"ಅಕ್ಕಾ, ನಿಮ್ಮ ಮೇಲೆ ನಂಗೆ ಗೌರವ ಇದೆ. ಆದ್ರೆ ಮೂರು ತಿಂಗಳಿಂದ ಕೊನೇ ಹೆಸರು ನಿಮ್ದೇ. ಕಣ್ಣು ಮಂಜಾಗಿರಬೇಕು. ಇನ್ನು ವಿಶ್ರಾಂತಿ ತಗೊಳ್ಳಿ."

"ನನ್ನ ತೊಟ್ಟಿಗೆ ಎಂಥಾ ಗೂಡು ಬೀಳುತ್ತೆ ಅಂತ ಒಂದ್ಸಲನಾದ್ರೂ ಬಂದು ನೋಡಿದ್ದೀಯೇನಪ್ಪಾ?"

"ಎಲ್ರಿಗೂ ಒಂದೇ ಮೂಟೆ ಗೂಡು ತಾನೇ?"

"ಮೂಟೆ ಒಂದೇ, ಬುಟ್ಟಿ ಬೇರೆ. ಕೆಟ್ಟದ್ದೆಲ್ಲ ನಾನು ತಗೋತೀನಿ, ಅದಕ್ಕೇ ಇವರ ಎಳೆ ಹರಿಯಲ್ಲ. ನಂಬಿಕೆ ಇಲ್ದಿದ್ರೆ ಒಂದು ವಾರ ಮಸ್ತೂರಾಳ ಬುಟ್ಟಿ ನಂಗೆ ಕೊಡು, ನನ್ನದು ಅವಳಿಗೆ ಕೊಡು. ಆಮೇಲೆ ಪಟ್ಟಿ ಅಂಟಿಸು."

ಇಖ್ತಿಯೋರ್ ನನ್ನ ಕಡೆ ತಿರುಗಿದ. "ಹೌದಾ ಮಸ್ತೂರಾ ಅಕ್ಕಾ? ಇವರು ಹೇಳೋದು ನಿಜಾನಾ?"

ಬಾಶೋರತ್ ನನ್ನನ್ನು ನೋಡಲೂ ಇಲ್ಲ. ನಾನು ಹೌದು ಅನ್ನುತ್ತೇನೆಂದು ಅವಳಿಗೆ ಅಷ್ಟು ಖಾತ್ರಿ.

"ನಂಗೇನೂ ಅಷ್ಟು ಗೊತ್ತಿಲ್ಲ" ಅಂದೆ. "ಎಲ್ರೂ ಅವರವರ ಕೆಲಸ ಮಾಡ್ತೀವಿ."

ಅವಳು ಎದ್ದು ತಲೆವಸ್ತ್ರ ಬಿಗಿದು ಕಟ್ಟಿಕೊಂಡು ಹೊರಟುಹೋದಳು.

ಮರುದಿನದಿಂದ ಜೋಡಿಗೂಡುಗಳು ನಮ್ಮೆಲ್ಲರ ತೊಟ್ಟಿಗಳಿಗೂ ಬಂದವು. ಎಳೆ ಹರಿಯಿತು, ಗಂಟು ಬಿತ್ತು, ನೂಲು ಸುತ್ತುವ ರಾಟೆಗಳು ಒಂದರ ಹಿಂದೊಂದು ನಿಂತುಹೋದವು. ಆ ತಿಂಗಳು ಪಟ್ಟಿಯಲ್ಲಿ ಎಲ್ಲರ ಲೆಕ್ಕವೂ ಇಳಿಯಿತು. ಅದನ್ನು ನೋಡಿ ಇಖ್ತಿಯೋರ್ ಏನು ತಿಳಿದುಕೊಂಡ ಗೊತ್ತೇ? "ಅವರೊಬ್ಬರನ್ನ ಕಳಿಸಿದ್ದು ಸಾಲ್ದು. ಅವರು ಹೋದ್ಮೇಲೆ ಇನ್ನು ನಮಗೇನೂ ಆಗಲ್ಲ ಅಂತ ನೀವೆಲ್ಲ ಆರಾಮಾಗಿಬಿಟ್ಟಿದ್ದೀರಿ" ಅಂದ. ಕೊನೆಯ ಇಬ್ಬರನ್ನು ಮನೆಗೆ ಕಳಿಸಿದ. ಅವರ ಗೂಡೂ ನಮ್ಮ ಪಾಲಿಗೇ ಬಂತು, ಲೆಕ್ಕ ಇನ್ನಷ್ಟು ಇಳಿಯಿತು.

ನಾನು ಹತ್ತೊಂಬತ್ತನೆಯವಳಾದಾಗ ಅವನ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವನು ಸೌಜನ್ಯದಿಂದಲೇ ಕೇಳಿದ: "ಮೊದಲನೇ ಜಾಗದಲ್ಲಿದ್ದಾಗ ಯಾಕಕ್ಕಾ ಹೇಳ್ಲಿಲ್ಲ? ಕೆಳಗೆ ಬಿದ್ಮೇಲೆ ಎಲ್ರೂ ತಪ್ಪನ್ನ ಗೂಡಿನ ಮೇಲೇ ಹಾಕ್ತಾರೆ."

ಅವನು ಯೋಚಿಸಿದ್ದರಲ್ಲಿ ಸರಿಯಾಗಿದ್ದದ್ದು ಈ ಪ್ರಶ್ನೆಯೊಂದೇ.

ಬಾಶೋರತ್ ಈಗ ಮದುವೆ ಮನೆಗಳ ಪಲಾವಿಗೆ ಗಜ್ಜರಿ ಹೆಚ್ಚಿಕೊಡುತ್ತಾಳೆಂದು ಯಾರೋ ಹೇಳಿದರು. ಹುಡುಕಿಕೊಂಡು ಹೋದೆ. ಅಂಗಳದಲ್ಲಿ ನಾಲ್ಕಾರು ಹೆಂಗಸರ ನಡುವೆ ಕೂತಿದ್ದಳು. ಮುಂದೆ ಹಳದಿ ಗಜ್ಜರಿಯ ರಾಶಿ.

"ಅಕ್ಕಾ, ಅವನಿಗೆ ಬುದ್ಧಿ ಇರಲಿಲ್ಲ" ಎಂದು ಶುರುಮಾಡಿದೆ.

"ಅವನಿಗೆ ಗೊತ್ತಿರಲಿಲ್ಲ, ಅಷ್ಟೇ" ಅಂದಳು. "ನಿಂಗೆ ಗೊತ್ತಿತ್ತು."

ಗಜ್ಜರಿ ಹೆಚ್ಚುತ್ತಲೇ ಅವಳು ಕೇಳಿದಳು, "ಜೋಡಿಗೂಡು ಈಗ ಯಾರು ಬಿಚ್ತಾರೆ?"

"ಯಾರೂ ಇಲ್ಲಕ್ಕಾ. ಕಸಕ್ಕೆ ಹಾಕಿ ಅಂತ ಮ್ಯಾನೇಜರ್ ಹೇಳಿದ್ದಾರೆ."

ಅವಳ ಚಾಕು ನಿಂತಿತು. ಕೆಲಸ ಹೋದ ದಿನವೂ ಅವಳ ಮುಖ ಅಷ್ಟು ಬಾಡಿದ್ದನ್ನು ನಾನು ಕಂಡಿರಲಿಲ್ಲ. "ಕಸಕ್ಕಾ?" ಅಂದಳು. ಆಮೇಲೆ ಇನ್ನೊಂದು ಗಜ್ಜರಿ ಎತ್ತಿಕೊಂಡಳು. ಕೂತ್ಕೋ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಪಕ್ಕದವಳು ನನಗೆ ಜಾಗ ಮಾಡಿಕೊಡಲು ಸರಿದಳು. ನಾನು ಕೂರಲಿಲ್ಲ.