ಅಕ್ಕನ ಕೆಂಪು ಕೆನ್ನೆ

ಇವತ್ತು ಮಧ್ಯಾಹ್ನ ಪಕ್ಕದ ಮನೆಯಿಂದ ಇದ್ದಿಲು, ಲೋಬಾನದ ವಾಸನೆ ಬಂತು. ಓದುತ್ತಿದ್ದ ಮ್ಯಾಗಜೀನ್ ಕೆಳಗಿಟ್ಟೆ. ಬಾಣಂತಿ ಕೋಣೆಯ ವಾಸನೆ ಅದು. ಬಹಳ ಜನರಿಗೆ ಹಿತ. ನನಗಲ್ಲ.

ನಾನು ಹುಡುಗಿಯಾಗಿದ್ದಾಗ ಅದೇ ಮನೆಯಲ್ಲಿ ಒಬ್ಬಳು ಅಕ್ಕ ಇದ್ದಳು. ಒಡಹುಟ್ಟಿದವಳಲ್ಲದಿದ್ದರೂ ಹಾನಗಲ್ಲಿನ ನಮ್ಮ ಓಣಿಯಲ್ಲಿ ನನಗೆ ಅಕ್ಕ ಎಂದರೆ ಅವಳೊಬ್ಬಳೇ. ನಾನು ಹುಬ್ಬಳ್ಳಿಯ ಕಾನ್ವೆಂಟಿನಿಂದ ರಜೆಗೆ ಬಂದಾಗಲೆಲ್ಲ ನನ್ನ ಇಂಗ್ಲಿಷನ್ನು ಅಣಕಿಸುತ್ತಿದ್ದಳು. ಆಮೇಲೆ ಅದನ್ನೇ ಮತ್ತೊಮ್ಮೆ ಹೇಳಿಸುತ್ತಿದ್ದಳು. ಅವಳನ್ನು ಯಲವಿಗಿಗೆ ಮದುವೆ ಮಾಡಿ ಕೊಟ್ಟಿದ್ದರು. ಮೊದಲ ಹೆರಿಗೆಗೆಂದು ತವರಿಗೆ ಬಂದಿದ್ದ ಆ ಚಳಿಗಾಲದಲ್ಲಿ ನಾನು ಪುಸ್ತಕ ಹಿಡಿದು ಅವಳು ಮಲಗುವ ಹೊರಸಿನ ಪಕ್ಕವೇ ಕೂತಿರುತ್ತಿದ್ದೆ.

ಹಿಮೋಗ್ಲೋಬಿನ್ ಪಾಠ. ನಮ್ಮ ಸೈನ್ಸ್ ಸಿಸ್ಟರ್ ಅದನ್ನು ನಾಲ್ಕು ಸೀಟಿನ ಟಾಂಗಾ ಎಂದಿದ್ದರು. ಶ್ವಾಸಕೋಶದಲ್ಲಿ ಆಕ್ಸಿಜನ್ ಹತ್ತುತ್ತದೆ. ಒಬ್ಬ ಹತ್ತಿದರೆ ಉಳಿದ ಮೂವರು ಸಲೀಸಾಗಿ ಹತ್ತುತ್ತಾರೆ. ಮೈಯೊಳಗೆ ಎಲ್ಲಿ ಕೆಲಸ ಹೆಚ್ಚು ನಡೆದು ಆಕ್ಸಿಜನ್ ಸಾಲದಾಗಿದೆಯೋ ಅಲ್ಲಿ ಇಳಿಯುತ್ತಾರೆ. ಹತ್ತಿಸಿಕೊಂಡಷ್ಟೇ ನೀಟಾಗಿ ಇಳಿಸುವುದೂ ಅದರ ಡ್ಯೂಟಿ. ಇದನ್ನೆಲ್ಲ ಅಕ್ಕನಿಗೆ ಒಪ್ಪಿಸಿದೆ.

“ಹತ್ತಿದಾವ ಇಳ್ಯಾಕ ಒಲ್ಲೆ ಅಂದ್ರ?” ಎಂದಳು. “ನಮ್ಮತ್ತಿ ನೋಡು, ಕಟ್ಟಿ ಮ್ಯಾಲ ಒಮ್ಮೆ ಕುಂತ್ರ ಏಳೂದ ಇಲ್ಲ.”

ಇಬ್ಬರೂ ನಕ್ಕೆವು. ಪುಸ್ತಕದಲ್ಲಿ ಅದಕ್ಕೆ ಆನ್ಸರ್ ಇರಲಿಲ್ಲ…

ಹೆಣ್ಣು ಕೂಸು ಹುಟ್ಟಿತು. ಅವಳ ಅವ್ವ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಎಣ್ಣೆ, ಬಿಸಿನೀರು, ಲೋಬಾನ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಬಾಣಂತಿಗೆ ಗಾಳಿ ಬಡಿಯಬಾರದೆಂದು ಕಿಟಕಿಯ ಸಂದಿಗೆಲ್ಲ ಹಳೇ ಅರಿವೆ ತುರುಕಿದ್ದರು. ಒಂದು ಬೆಳಿಗ್ಗೆ ಅಕ್ಕ ತಲೆ ಸಿಡಿಯುತ್ತಿದೆ, ವಾಕರಿಕೆ ಬರುತ್ತಿದೆ ಎಂದಳು. ಎಲ್ಲಿಂದಲೋ ಗಾಳಿ ಹೊಕ್ಕಿದೆ ಎಂದುಕೊಂಡರು ಅವ್ವ. ಬಾಗಿಲ ಕೆಳಗೆ ಕಂಬಳಿ ಒತ್ತಿ, ಅಗ್ಗಿಷ್ಟಿಕೆಗೆ ಇನ್ನಷ್ಟು ಇದ್ದಿಲು ಸುರಿದರು. ಕೂಸನ್ನು ಎಳೆಬಿಸಿಲಿಗೆಂದು ಅಂಗಳಕ್ಕೆ ತಂದುಕೊಂಡರು. ಕೂಸು ಉಳಿದದ್ದು ಅದರಿಂದ.

ಅದು ಹಸಿದು ಅಳತೊಡಗಿದಾಗ ನಾನೂ ಅವ್ವನ ಹಿಂದೆ ಕೋಣೆಗೆ ಹೋದೆ. ಅಕ್ಕನ ಕೆನ್ನೆ ಎಷ್ಟು ಕೆಂಪಗಿತ್ತೆಂದರೆ, ಶಾಖ ಚೆನ್ನಾಗಿ ಹತ್ತಿದೆ ಎಂದು ಅವ್ವನಿಗೆ ಖುಷಿಯೇ ಆಯಿತು. ಕರೆದರು. ಅಲುಗಿಸಿದರು…

ದವಾಖಾನೆಯಿಂದ ಡಾಕ್ಟರು ಬಂದವರೇ ಮೊದಲು ಕಿಟಕಿ ತಳ್ಳಿ ತೆರೆದರು. ಆಮೇಲೆ ನಾಡಿ ಹಿಡಿದರು, ಬಿಟ್ಟರು. ಜೀವ ಹೋಗಿದೆ ಎಂದದ್ದನ್ನು ಅವ್ವ ಒಪ್ಪಲಿಲ್ಲ.

“ಮಾರಿ ಹೆಂಗ ಕೆಂಪಗ ಐತಿ ನೋಡ್ರಿ. ಮೈತುಂಬ ರಕ್ತ ಐತ್ರಿ ಆಕಿಗೆ.”

“ಆ ಕೆಂಪ ವಿಷದ್ದರಿ, ಅವ್ವಾರ.”

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಅರ್ಧಂಬರ್ಧ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ವಾಸನೆಯೂ ಇಲ್ಲ ಎಂದು ಡಾಕ್ಟರು ಹೇಳಿದರು. ಆಕ್ಸಿಜನ್ನಿನ ಸೀಟಿನಲ್ಲಿ ಅದು ಗಟ್ಟಿಯಾಗಿ ಕೂತುಬಿಡುತ್ತದೆ. ಪಕ್ಕದಲ್ಲಿ ಕೂತ ಆಕ್ಸಿಜನ್ನನ್ನೂ ಸುಲಭವಾಗಿ ಇಳಿಯಗೊಡುವುದಿಲ್ಲ. ರಕ್ತ ಮಾತ್ರ ಕೆಂಪಗೆ ಹೊಳೆಯುತ್ತಿರುತ್ತದೆ. ತುಂಬಿದ ಟಾಂಗಾ ಅಕ್ಕನ ಮೈಯೆಲ್ಲ ಸುತ್ತಿತ್ತು. ಮೆದುಳಿನ ಮುಂದೆ, ಎದೆಯ ಮುಂದೆ ಇಳಿಯುವವರೇ ಇರಲಿಲ್ಲ. ಅವಳು ನಗುತ್ತ ಕೇಳಿದ್ದ ಪ್ರಶ್ನೆಗೆ ಆನ್ಸರ್ ಅವಳ ತಲೆದೆಸೆಯಲ್ಲೇ ಸಿಕ್ಕಿತು. ಹೌ ಕ್ರೂಯೆಲ್…

ಅವ್ವ ಕೊನೆಯವರೆಗೂ ಡಾಕ್ಟರ ಮಾತು ನಂಬಲಿಲ್ಲ. ಮಗಳು ಗಾಳಿ ಬಡಿದೇ ಹೋದಳು ಎನ್ನುತ್ತಿದ್ದರು. ಆ ಕಂಬಳಿ ಒತ್ತಿದ ಕೈಗಳಿಂದಲೇ ಮೊಮ್ಮಗಳನ್ನೂ ಸಾಕಿದರು, ಹಾಗೆಯೇ ನಂಬಿಸಿ.

ಆ ಕೂಸಿಗೆ ಈಗ ತಲೆ ನರೆತಿದೆ. ಇವತ್ತು ಕೆಂಡ ಹೊತ್ತಿಸಿದವಳು ಅವಳೇ, ತನ್ನ ಮಗಳ ಬಾಣಂತನಕ್ಕೆ.

ಕೋಲು ಹಿಡಿದು ಹೋದೆ. ಯಾರನ್ನೂ ಕೇಳದೆ ಕಿಟಕಿ ತೆರೆದೆ. ಅಗ್ಗಿಷ್ಟಿಕೆ ಹೊರಗಿಡು ಎಂದೆ.

“ಗಾಳಿ ಬಡೀತೈತ್ರಿ ಮಾವಶಿ. ನಮ್ಮವ್ವ ಹಂಗ ಹೋದ್ಲಲ್ರಿ.”

“ನಿಮ್ಮವ್ವಗ ಗಾಳಿ ಸಿಗಲಿಲ್ಲ, ಮಗಳ.”

ಅವಳು ಮಗಳ ಕಡೆ ತಿರುಗಿದಳು. ಆಮೇಲೆ ಬಗ್ಗಿ, ಹೊರಸಿನ ಕೆಳಗಿಂದ ಅಗ್ಗಿಷ್ಟಿಕೆ ಎಳೆದು, ಸೆರಗಿನಲ್ಲಿ ಹಿಡಿದು ಅಂಗಳಕ್ಕೆ ಒಯ್ದಳು. ಅವಳು ಅಲ್ಲಿ ಅತ್ತದ್ದು ಒಳಗೆ ಕೇಳಿಸಿತು.

ಬಾಣಂತಿ ಚಳಿ ಎಂದಳು. ಶಾಲು ಹೊದಿಸಿ, ಕೆನ್ನೆ ಮುಟ್ಟಿ ನೋಡಿದೆ. ತಣ್ಣಗಿತ್ತು, ಕೆಂಪಿರಲಿಲ್ಲ. ಸ್ವಲ್ಪ ಹೊತ್ತು ಕೈ ತೆಗೆಯಲಾಗಲಿಲ್ಲ…