ಖಾರದ ಕೈಯ ಉಪಕಾರ

ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂತವಳು ಲೋಕದಲ್ಲಿ ಯಾರನ್ನೂ ಮುಟ್ಟುವಂತಿಲ್ಲ, ತನ್ನ ಮೂಗನ್ನೂ ಸೇರಿಸಿ. ವರ್ಷದ ಖಾರಕ್ಕೆಂದು ಅಂಕಲಿಯ ನಮ್ಮ ಪಡಸಾಲೆಯಲ್ಲಿ ಕಾಯಿ ರಾಶಿ ಹಾಕಿಕೊಂಡು ನಾನು ಹಾಗೆ ಕೂತಿದ್ದಾಗ, ಪಕ್ಕದ ಮನೆಯ ಸುಮಿತ್ರಕ್ಕ ಓಡಿ ಬಂದರು.

“ಒಂದ್ ಹಿಡಿ ಮೆಣಸಿನಕಾಯಿ ಕೊಡ ಬೇ. ಮೊಮ್ಮಗಗ ದೃಷ್ಟಿ ಆಗೈತಿ. ಕೆಮ್ಮು ನಿಂದರವಲ್ದು, ಹಾಲೂ ಕುಡಿಯವಲ್ದು.”

ನಮ್ಮಲ್ಲಿ ದೃಷ್ಟಿ ತೆಗೆಯುವುದೆಂದರೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುವುದು. ಘಾಟು ಬಾರದಿದ್ದರೆ ದೃಷ್ಟಿ ಆಗಿತ್ತೆಂದು ಲೆಕ್ಕ. ನಾನು ದೇವರನ್ನು ಪೂರ್ತಿ, ದೃಷ್ಟಿಯನ್ನು ಅಷ್ಟಿಷ್ಟು ನಂಬುವವಳು. ಆದರೆ ನಮ್ಮ ಕಡೆಯ ಕಾಯಿ ಕೆಂಡಕ್ಕೆ ಬಿದ್ದು ಸುಮ್ಮನಿದ್ದುದನ್ನು ಈವರೆಗೆ ಕಂಡಿಲ್ಲ. ಅಜ್ಜಿ, ಕೂಸು, ಬಾಗಿಲಲ್ಲಿ ಕಟ್ಟಿದ ಎಮ್ಮೆ, ಎಲ್ಲರೂ ಕೆಮ್ಮುತ್ತಾರೆ. ಮೊದಲೇ ಕೆಮ್ಮುವ ಕೂಸಿಗೆ ಈ ಪರೀಕ್ಷೆ ಏಕೆ?

ಕಾಯಿ ಹಿಡಿದುಕೊಂಡೇ ಅವರ ಹಿಂದೆ ನಡೆದೆ. ಬೇರೆ ದಿನವಾಗಿದ್ದರೆ ಹೋದವಳೇ ಕೂಸನ್ನು ಎದೆಗವಚಿಕೊಂಡು, ಬೆನ್ನು ತಟ್ಟಿ, ಏನೂ ಆಗಿಲ್ಲವೆಂದು ಧೈರ್ಯ ಹೇಳಿ ಬರುತ್ತಿದ್ದೆ. ಎತ್ತಿಕೊಂಡ ಕೂಸಿನ ಎದೆ ಕಾಣುವುದಿಲ್ಲ ನೋಡಿ. ಅಂದು ಎಲ್ಲಮ್ಮ ತಾಯಿ ನನ್ನ ಕೈಗೆ ಖಾರ ಹಚ್ಚಿ ದೂರ ನಿಲ್ಲಿಸಿದಳು. ನನ್ನ ಮಗ ಚಿಕ್ಕವನಿದ್ದಾಗ ಚಿಕ್ಕೋಡಿಯ ಡಾಕ್ಟರಮ್ಮ ಹೇಳಿದ್ದು ನೆನಪಾಯಿತು. ಮೂಗು ಸೋರಿದರೂ, ಕೆಮ್ಮಿದರೂ ಕೂಸು ಹಾಲು ಕುಡಿದು ಆಡುತ್ತಿದ್ದರೆ ಅದು ಬರೀ ನೆಗಡಿ. ಬೆಚ್ಚಗಿಟ್ಟು, ಮೂಗು ಒರೆಸಿ, ಮತ್ತೆ ಮತ್ತೆ ಹಾಲೂಡಿಸಿದರೆ ತಾನೇ ಇಳಿಯುತ್ತದೆ. ಉಸಿರು ವೇಗವಾಗಿ, ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಮಾತ್ರ ಮನೆಯಲ್ಲಿ ಕೂರಬೇಡ ಎಂದಿದ್ದರು.

“ಗೌರಿ, ಅವನ ಅಂಗಿ ಎತ್ತವ್ವಾ,” ಎಂದೆ. ಗೌರಿ ಸುಮಿತ್ರಕ್ಕನ ಸೊಸೆ, ಕೂಸಿನ ತಾಯಿ; ನಿಪ್ಪಾಣಿಯವಳು, ಅತ್ತೆಗೆ ‘ಆಯಿ’, ನನಗೆ ‘ಕಾಕು’ ಎನ್ನುತ್ತಾಳೆ. ಅತ್ತೆಯ ಎದುರು ದನಿ ಎತ್ತಿದ್ದನ್ನು ಓಣಿ ಕೇಳಿಲ್ಲ. ಅಂಗಿ ಎತ್ತಿದಳು. ಪ್ರತಿ ಉಸಿರಿಗೂ ಗುಳಿ ಬೀಳುತ್ತಿತ್ತು.

“ಅಕ್ಕಾ, ಇದು ನ್ಯುಮೋನಿಯಾ ಇದ್ದಂಗೈತ್ರಿ. ಗಾಡಿ ತರಸ್ರಿ, ಈಗಿಂದೀಗ ದವಾಖಾನಿಗೆ ಹೋಗ್ರಿ.”

“ದೃಷ್ಟಿ ತಗದ್ ಹೋಗ್ತೀವಿ. ಕೆಂಡ ತಯಾರ ಐತಿ.”

“ಆಯಿ, ಕೆಂಡ ಆರಲಿ!” ಎಂದಳು ಗೌರಿ, ಆಗಲೇ ಚಪ್ಪಲಿ ಮೆಟ್ಟಿಕೊಂಡು.

ಮರುದಿನ ಮತ್ತೆ ರಾಶಿಯ ಮುಂದೆ ಕೂತಿದ್ದೆ; ಅವರ ಮನೆಯಿಂದ ಹಾಗೇ ವಾಪಸು ತಂದ ಹಿಡಿ ಕಾಯಿ ಪಕ್ಕಕ್ಕಿತ್ತು. ದವಾಖಾನೆಯಿಂದ ಗೌರಿಯ ಫೋನು ಬಂತು, ಮೊಣಕೈಯಿಂದ ಸ್ಪೀಕರ್ ಒತ್ತಿದೆ.

“ಕಾಕು, ನ್ಯುಮೋನಿಯಾನಽ ಅಂದ್ರು. ಆಕ್ಸಿಜನ್ ಹಚ್ಚಿದ್ರು, ಇಂಜೆಕ್ಷನ್ ಮಾಡಾಕತ್ತಾರ. ಈಗ ಹಾಲು ಕುಡದಾನ್ರಿ.”

ಅಷ್ಟರಲ್ಲಿ ಸುಮಿತ್ರಕ್ಕ ಫೋನು ಕಸಿದುಕೊಂಡರು. “ಆ ಹಿಡಿ ಕಾಯಿ ತಗದಿಡ ಬೇ. ಬಂದ ಮ್ಯಾಲ ದೃಷ್ಟಿ ತಗೀಬೇಕು.”

“ಉಪ್ಪು ನಿವಾಳಿಸಿ ನೀರಿಗಿ ಹಾಕ್ರಿ ಅಕ್ಕಾ. ದೇವರಿಗಿ ಘಾಟು ಬೇಕಾಗಿಲ್ಲ.”

ಅವರು ನಕ್ಕರು. ಆ ನಗುವಿನ ಹಿಂದೆ ಕೂಸು ಕಿರುಚಿ ಅತ್ತಿತು. ಅಷ್ಟು ಜೋರಾಗಿ ಅಳಲು ಎದೆ ತುಂಬ ಉಸಿರು ಬೇಕು. ಕೈ ಮುಗಿಯೋಣವೆಂದರೆ ಎರಡೂ ಕೈ ಖಾರ. ತಲೆ ಬಾಗಿಸಿದೆ, ಬೇರೆ ಇಟ್ಟಿದ್ದ ಆ ಹಿಡಿ ಕಾಯಿಯ ತೊಟ್ಟನ್ನೂ ಬಿಡಿಸಿ ರಾಶಿಗೆ ಸೇರಿಸಿದೆ.